ಸಬ್‌ಸ್ಟೇಷನ್ ಸಾಫ್ಟ್‌ವೇರಿನ ಒಳಗೇನಿದೆ? ಎಸ್‌ಬಾಮ್ ಪಡೆಯಲು ನಾಲ್ಕು ದಾರಿ, ಯಾರಿಗೆ ಯಾವುದು

2021ರ ಡಿಸೆಂಬರ್ 11, ಶನಿವಾರ. ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ಭಾರೀ ದೋಷವಿದೆ ಎಂಬ ಸುದ್ದಿ ಹಿಂದಿನ ದಿನವಷ್ಟೇ ಎಲ್ಲೆಡೆ ಹರಡಿತ್ತು. ತೀವ್ರತೆಯ ಅಂಕ ಹತ್ತಕ್ಕೆ ಹತ್ತು. ಬೆಳಿಗ್ಗೆ ಎಂಟಕ್ಕೆ ಮೇಲಧಿಕಾರಿ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ನಮ್ಮಲ್ಲಿ ಇದೆಯೇನ್ರೀ ಅದು?"

ನಾನು ಆಗ ನೋಡಿಕೊಳ್ಳುತ್ತಿದ್ದ ಕಂಟ್ರೋಲ್ ರೂಮಿನಲ್ಲಿ ಹನ್ನೊಂದು ಸರ್ವರ್‌ಗಳಿದ್ದವು. ಒಂದೊಂದಕ್ಕೂ ಲಾಗಿನ್ ಆಗಿ ಆ ಹೆಸರಿನ ಫೈಲ್ ಹುಡುಕಿದೆ. ಎರಡರಲ್ಲಿ ಸಿಕ್ಕಿತು. ಉಳಿದ ಒಂಬತ್ತರಲ್ಲಿ ಇಲ್ಲ ಎಂದು ಮಧ್ಯಾಹ್ನ ವರದಿ ಕೊಟ್ಟೆ. ಆ ವರದಿ ತಪ್ಪಾಗಿತ್ತು. ರಿಪೋರ್ಟ್ ತೆಗೆಯುವ ತಂತ್ರಾಂಶವೊಂದು ಲಾಗ್4ಜೆಯನ್ನು ಬೇರೊಂದು ಜಾರ್ ಫೈಲಿನ (ಜಾವಾ ಕೋಡನ್ನು ಕಟ್ಟಿಡುವ ಗಂಟು) ಹೊಟ್ಟೆಯೊಳಗೆ ಇಟ್ಟುಕೊಂಡಿತ್ತು. ಹೆಸರು ಹಿಡಿದು ಹುಡುಕಿದರೆ ಅದು ಕಣ್ಣಿಗೆ ಬೀಳುವಂತಿರಲಿಲ್ಲ. ಮಂಗಳವಾರ ಸಹೋದ್ಯೋಗಿಯೊಬ್ಬರು ಜಾರ್‌ಗಳನ್ನೆಲ್ಲ ಬಿಚ್ಚಿ, ಜೆಎನ್‌ಡಿಐ ಲುಕಪ್ ಎಂಬ ಕ್ಲಾಸನ್ನು ಹುಡುಕಿದಾಗ ಸಿಕ್ಕಿತು. ಶನಿವಾರವೇ ವೆಂಡರ್‌ಗೆ ಬರೆದಿದ್ದ ಮೇಲ್‌ಗೆ ಉತ್ತರ ಬರಲು ಮೂರು ವಾರ ಹಿಡಿಯಿತು, ಬಂದದ್ದೂ "ಪರಿಶೀಲಿಸುತ್ತಿದ್ದೇವೆ" ಎಂಬ ಒಂದು ಸಾಲು. ಅಷ್ಟರಲ್ಲಿ ಲಾಗ್4ಜೆಗೆ 2.15, 2.16, 2.17, 2.17.1 ಎಂದು ನಾಲ್ಕು ತಿದ್ದುಪಡಿಗಳು ಬಂದಿದ್ದವು.

ಈಚೆಗೆ ಮೂರು ಕಡೆಯಿಂದ ನನಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂದಿದೆ. ವಿದ್ಯುತ್ ಸರಬರಾಜು ಕಂಪನಿಯೊಂದರ ಐಟಿ ವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಒಬ್ಬರು, ಪಾವಗಡದ ಕಡೆ 50 ಮೆಗಾವ್ಯಾಟ್ ಸೌರ ಸ್ಥಾವರದ ನಿರ್ವಹಣೆ ವಹಿಸಿಕೊಂಡಿರುವ ಸಣ್ಣ ಕಂಪನಿಯ ಮ್ಯಾನೇಜರ್, ಪೀಣ್ಯದಲ್ಲಿ ಹಲವು ಮೀಟರ್‌ಗಳ ಮಾಹಿತಿ ಒಟ್ಟುಗೂಡಿಸಿ ಕಳಿಸುವ ಡೇಟಾ ಕಾನ್ಸೆಂಟ್ರೇಟರ್ ತಯಾರಿಸುವ ಹದಿನೈದು ಜನರ ಘಟಕದ ಮಾಲೀಕರು. ಮೂವರ ಮೇಜಿನ ಮೇಲೂ "ಎಸ್‌ಬಾಮ್ ಬೇಕು" ಎನ್ನುವ ಕಾಗದ ಬಂದು ಕೂತಿದೆ. ವೆಂಡರ್‌ನಿಂದ ಕೇಳಿ ಪಡೆಯುವುದೋ, ನಾವೇ ಫರ್ಮ್‌ವೇರ್ (ಸಾಧನದೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ಬಿಚ್ಚಿ ನೋಡುವುದೋ, ದುಡ್ಡು ಕೊಟ್ಟು ಹೊರಗಿನವರಿಂದ ಮಾಡಿಸುವುದೋ, ಸಾಫ್ಟ್‌ವೇರ್ ಕಟ್ಟುವಾಗಲೇ ತೆಗೆದಿಡುವುದೋ? ನಾಲ್ಕನ್ನೂ ಬೇರೆ ಬೇರೆ ಕೆಲಸಗಳಲ್ಲಿ ಮಾಡಿ ನೋಡಿದ್ದೇನೆ, ಆ ಅನುಭವದಿಂದಲೇ ಬರೆಯುತ್ತಿದ್ದೇನೆ.

ಎಸ್‌ಬಾಮ್ ಎಂದರೆ ಸಾಫ್ಟ್‌ವೇರಿನ ಬಿಲ್ ಆಫ್ ಮೆಟೀರಿಯಲ್ (ಬಿಒಎಂ), ಅಂದರೆ ಒಳಗೆ ಏನೇನು ಸೇರಿದೆ ಎಂಬ ಪಟ್ಟಿ. ವಿದ್ಯುತ್ ಕ್ಷೇತ್ರದ ನಮ್ಮವರಿಗೆ ಇದನ್ನು ಬೇರೆ ಹೋಲಿಕೆ ಕೊಟ್ಟು ವಿವರಿಸಬೇಕಿಲ್ಲ. ಕಂಟ್ರೋಲ್ ಪ್ಯಾನೆಲ್ ಆರ್ಡರ್ ಮಾಡಿದಾಗ ಟರ್ಮಿನಲ್ ಬ್ಲಾಕ್ ಯಾವ ಮೇಕ್, ಆಕ್ಸಿಲಿಯರಿ ರಿಲೇಗೆ ಎಷ್ಟು ವೋಲ್ಟ್, ಕೇಬಲ್ ಗ್ಲ್ಯಾಂಡ್ ಎಷ್ಟು ಎಂದು ಬಿಒಎಂನಲ್ಲಿ ಇಲ್ಲದಿದ್ದರೆ ಡ್ರಾಯಿಂಗ್‌ಗೆ ಸಹಿ ಹಾಕುವುದಿಲ್ಲ. ಅದೇ ಪ್ಯಾನೆಲ್‌ನೊಳಗಿನ ಆರ್‌ಟಿಯುನಲ್ಲಿ (ಸಬ್‌ಸ್ಟೇಷನ್ನಿನ ಮಾಹಿತಿಯನ್ನು ಕಂಟ್ರೋಲ್ ರೂಮಿಗೆ ಕಳಿಸುವ ಪೆಟ್ಟಿಗೆ) ಯಾವ ಲಿನಕ್ಸ್ ಕರ್ನಲ್, ಗೂಢಲಿಪಿಗೆ ಯಾವ ಓಪನ್‌ಎಸ್‌ಎಸ್‌ಎಲ್, ನೆಟ್‌ವರ್ಕ್ ಸಂವಹನಕ್ಕೆ ಯಾವ ಟಿಸಿಪಿ/ಐಪಿ ಸ್ಟ್ಯಾಕ್ ಓಡುತ್ತಿದೆ ಎಂದು ಇಷ್ಟು ವರ್ಷ ನಾವು ಕೇಳಿಯೇ ಇಲ್ಲ.

ಈಗ ಕೇಳಲೇಬೇಕಾದ ಕಾಲ ಬಂದಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರ್‌ನಲ್ಲಿ ವಿದ್ಯುತ್ ವಲಯದ ಸೈಬರ್ ಭದ್ರತೆಗೆ ಮಾರ್ಗಸೂಚಿ ಹೊರಡಿಸಿ, ಖರೀದಿ ನಂಬಿಕೆಯ ಮೂಲದಿಂದಲೇ ಆಗಬೇಕು ಎಂದಿತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಎಸ್‌ಬಾಮ್‌ಗೆಂದೇ ತಾಂತ್ರಿಕ ಮಾರ್ಗಸೂಚಿ ತಂದು, 2025ರ ಜುಲೈನಲ್ಲಿ ಅದನ್ನು ಹಾರ್ಡ್‌ವೇರ್ ಮತ್ತು ಎಐಗಳ ಪಟ್ಟಿಗೂ ವಿಸ್ತರಿಸಿತು. ಸರ್ಕಾರ, ಸಾರ್ವಜನಿಕ ವಲಯ, ಅತ್ಯವಶ್ಯ ಸೇವೆಗಳನ್ನು ಉದ್ದೇಶಿಸಿಯೇ ಅದು ಬರೆದದ್ದು. ಅಮೆರಿಕದಲ್ಲಿ ವಿದ್ಯುತ್ ಜಾಲದ ಸರಬರಾಜು ಸರಪಳಿಗೆ ಸಂಬಂಧಿಸಿದ ಸಿಐಪಿ-013 ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. 2021ರಲ್ಲಿ ಅಲ್ಲಿನ ಐಡಹೊ ರಾಷ್ಟ್ರೀಯ ಪ್ರಯೋಗಾಲಯದ ಜೊತೆ ವಿದ್ಯುತ್ ಕಂಪನಿಗಳೂ ವೆಂಡರ್‌ಗಳೂ ಕೂತು ಎಸ್‌ಬಾಮ್ ಕೊಟ್ಟು ತೆಗೆದುಕೊಳ್ಳುವ ಪ್ರಯೋಗ ಶುರುಮಾಡಿದರು. ಯುರೋಪಿನ ಸೈಬರ್ ರೆಸಿಲಿಯೆನ್ಸ್ ಕಾಯ್ದೆಯ ಪ್ರಕಾರ 2027ರ ಡಿಸೆಂಬರ್ 11ರಿಂದ ಅಲ್ಲಿ ಮಾರುವ ಬಹುತೇಕ ಡಿಜಿಟಲ್ ಉತ್ಪನ್ನಗಳಿಗೆ ತಯಾರಕರು ಎಸ್‌ಬಾಮ್ ಮಾಡಿಟ್ಟಿರಬೇಕು. ಈ ಕೊನೆಯ ದಿನಾಂಕವನ್ನು ನೆನಪಿಟ್ಟುಕೊಳ್ಳಿ, ವೆಂಡರ್ ಜೊತೆ ಮಾತಾಡುವಾಗ ಬೇಕಾಗುತ್ತದೆ.

ಯಾವುದನ್ನು ಅಳೆದು ನೋಡಬೇಕು

ಮೊದಲ ಅಳತೆ ಹೊತ್ತು. ಶನಿವಾರ ಬೆಳಿಗ್ಗೆಯ ಆ ಫೋನ್‌ಗೆ ಎಷ್ಟು ಹೊತ್ತಿನಲ್ಲಿ ಉತ್ತರ ಕೊಡಬಹುದು? ನನ್ನ ಮಟ್ಟಿಗೆ ಉಳಿದ ಅಳತೆಗಳೆಲ್ಲ ಇದರ ನಂತರ. ಅರ್ಧ ಗಂಟೆಯಲ್ಲಿ "ಇದೆ, ಈ ನಾಲ್ಕು ಕಡೆ" ಎನ್ನಲು ನೆರವಾಗದ ಪಟ್ಟಿ ಕಪಾಟಿನ ಕಾಗದಕ್ಕೆ ಸಮ.

ಎರಡನೆಯದು ಆಳ. ವೆಂಡರ್ ನೇರವಾಗಿ ಸೇರಿಸಿಕೊಂಡ ಲೈಬ್ರರಿ ಮಾತ್ರ ಕಾಣುತ್ತದೋ, ಆ ಲೈಬ್ರರಿ ತನ್ನೊಳಗೆ ಎಳೆದುಕೊಂಡದ್ದೂ ಕಾಣುತ್ತದೋ? 2020ರ ಜೂನ್‌ನಲ್ಲಿ ಹೊರಬಂದ ರಿಪಲ್20 ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಟ್ರೆಕ್ ಎಂಬ ಸಣ್ಣ ಕಂಪನಿ ಬರೆದಿದ್ದ ಟಿಸಿಪಿ/ಐಪಿ ಸ್ಟ್ಯಾಕ್‌ನಲ್ಲಿ 19 ದೋಷಗಳು ಸಿಕ್ಕವು. ಆ ಸ್ಟ್ಯಾಕ್ ಎರಡು ದಶಕಗಳಲ್ಲಿ ಚಿಪ್ಪಿನವರಿಂದ ಬೋರ್ಡಿನವರಿಗೆ, ಬೋರ್ಡಿನವರಿಂದ ಸಾಧನದವರಿಗೆ ಕೈ ಬದಲಾಯಿಸುತ್ತ ಹೋಗಿ, ಕೊನೆಗೆ ತಮ್ಮ ಪೆಟ್ಟಿಗೆಯೊಳಗೆ ಅದಿದೆ ಎಂಬುದು ಎಷ್ಟೋ ತಯಾರಕರಿಗೇ ತಿಳಿದಿರಲಿಲ್ಲ. ಮೇಲಿನ ಪದರವನ್ನಷ್ಟೇ ಬರೆದ ಪಟ್ಟಿಯಲ್ಲಿ ಇಂಥದ್ದು ಕಾಣುವುದಿಲ್ಲ.

ಮೂರನೆಯದು ಹಳೆಯ ಸಾಧನಗಳ ಪಾಡು. ಆಫೀಸಿನ ಲ್ಯಾಪ್‌ಟಾಪ್ ಐದು ವರ್ಷಕ್ಕೆ ಬದಲಾಗುತ್ತದೆ, ದೋಷ ಕಂಡಾಗ ವಿದ್ಯುತ್ ಮಾರ್ಗ ಕಡಿಸುವ ರಿಲೇ ಹದಿನೈದು ಇಪ್ಪತ್ತು ವರ್ಷ ಇರುತ್ತದೆ. ಇಂದು ಟೆಂಡರ್‌ನಲ್ಲಿ ಏನೇ ಬರೆದರೂ 2009ರಲ್ಲಿ ಹಾಕಿದ ಗೇಟ್‌ವೇಗೆ ಅದು ಅನ್ವಯಿಸುವುದಿಲ್ಲ.

ಇನ್ನೆರಡು ಚಿಕ್ಕವು. ಫರ್ಮ್‌ವೇರ್ ಬದಲಾದಾಗಲೆಲ್ಲ ಪಟ್ಟಿಯೂ ಬದಲಾಗುತ್ತದೆಯೇ ಎಂಬುದು ಒಂದು. ದುಡ್ಡಿನ ಜೊತೆಗೆ ನಿಮ್ಮ ಜನರ ಎಷ್ಟು ದಿನ ಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖರ್ಚಿನ ಹೆಚ್ಚಿನ ಪಾಲು ಅದೇ.

ದಾರಿ ಒಂದು: ವೆಂಡರ್‌ನಿಂದ ಪಡೆಯುವುದು

ಸಿಗುವುದಾದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಏನು ಸೇರಿಸಿದೆ ಎಂದು ಸರಿಯಾಗಿ ಗೊತ್ತಿರುವುದು ಕಟ್ಟಿದವರಿಗೆ. ಹೆಸರು, ಆವೃತ್ತಿ, ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಎಲ್ಲ ಖಚಿತವಾಗಿ ಬರುತ್ತವೆ, ತಪ್ಪಿದ್ದರೆ ಹೊಣೆಯೂ ಅವರದೇ.

ಆದರೆ "ಎಸ್‌ಬಾಮ್ ಕೊಡತಕ್ಕದ್ದು" ಎಂಬ ಒಂದು ಸಾಲನ್ನು ಟೆಂಡರಿಗೆ ಸೇರಿಸಿ ಕೂತರೆ ಏನು ಬರುತ್ತದೆ ಎಂಬುದನ್ನು ನೋಡಿದ್ದೇನೆ. ಒಮ್ಮೆ ನನ್ನ ಕೈಗೆ ಬಂದದ್ದು ಲೆಟರ್‌ಹೆಡ್ ಮೇಲೆ ಸಹಿ, ಸೀಲು ಹಾಕಿದ ಒಂದು ಪುಟದ ಪಿಡಿಎಫ್. ಹದಿನಾಲ್ಕು ಸಾಲು. ಮೂರನೆಯ ಸಾಲು "ಲಿನಕ್ಸ್", ಏಳನೆಯದು "ಓಪನ್‌ಎಸ್‌ಎಸ್‌ಎಲ್ (ಲೇಟೆಸ್ಟ್)", ಕೊನೆಯದು "ಇತರೆ ಥರ್ಡ್ ಪಾರ್ಟಿ ಲೈಬ್ರರಿಗಳು". ಆವೃತ್ತಿ ಸಂಖ್ಯೆ ಒಂದಕ್ಕೂ ಇರಲಿಲ್ಲ. ಷರತ್ತಿನ ಪ್ರಕಾರ ಅವರು ಎಸ್‌ಬಾಮ್ ಕೊಟ್ಟಾಗಿತ್ತು, ನಾನು ತಕರಾರು ತೆಗೆಯಲು ಟೆಂಡರಿನಲ್ಲಿ ಆಧಾರವೇ ಇರಲಿಲ್ಲ.

ಹಾಗಾಗಿ ಷರತ್ತಿನಲ್ಲಿ ಬಿಡಿಸಿ ಬರೆಯಿರಿ. ಸೈಕ್ಲೋನ್‌ಡಿಎಕ್ಸ್ ಅಥವಾ ಎಸ್‌ಪಿಡಿಎಕ್ಸ್ ಮಾದರಿಯಲ್ಲಿ, ಯಂತ್ರ ಓದಬಲ್ಲ ಫೈಲಾಗಿರಬೇಕು. ಪ್ರತಿ ಫರ್ಮ್‌ವೇರ್ ಬಿಡುಗಡೆಯ ಜೊತೆ ಹೊಸ ಫೈಲ್ ಬರಬೇಕು, ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಅವಧಿ ಮುಗಿಯುವವರೆಗೂ. ನೇರ ಅವಲಂಬನೆಗಳಷ್ಟೇ ಸಾಲದು, ಅವುಗಳೊಳಗಿನವೂ ಬೇಕು. ದೊಡ್ಡ ದೋಷ ಪ್ರಕಟವಾದರೆ ಇಂತಿಷ್ಟು ದಿನದೊಳಗೆ ವೆಕ್ಸ್ ಹೇಳಿಕೆ ಕೊಡಬೇಕು. ವೆಕ್ಸ್ ಎಂದರೆ ನಿರ್ದಿಷ್ಟ ದೋಷದ ಬಗ್ಗೆ ತಯಾರಕರು ಕೊಡುವ ಅಧಿಕೃತ ಮಾತು: ಬಾಧಿತವಲ್ಲ, ಬಾಧಿತ, ಸರಿಪಡಿಸಲಾಗಿದೆ, ಪರಿಶೀಲನೆಯಲ್ಲಿದೆ, ಈ ನಾಲ್ಕರಲ್ಲಿ ಒಂದು. ಲೈಬ್ರರಿ ಒಳಗಿದ್ದರೂ ಅದರ ದೋಷವಿರುವ ಭಾಗವನ್ನು ಸಾಧನ ಬಳಸದೇ ಇರಬಹುದು. ವೆಕ್ಸ್ ಇಲ್ಲದಿದ್ದರೆ ಬರೀ ಪಟ್ಟಿ ನೋಡಿ ನೂರಾರು ಎಚ್ಚರಿಕೆಗಳ ಹಿಂದೆ ಓಡಬೇಕಾಗುತ್ತದೆ.

ಯಾವ ಅಂಶಗಳಿರಬೇಕು ಎಂಬುದಕ್ಕೆ ಎರಡು ಮೇಲ್ಪಂಕ್ತಿಗಳಿವೆ. ಅಮೆರಿಕದ ದೂರಸಂಪರ್ಕ ಮತ್ತು ಮಾಹಿತಿ ಆಡಳಿತ ಸಂಸ್ಥೆ ಎನ್‌ಟಿಐಎ 2021ರ ಜುಲೈನಲ್ಲಿ ಹೇಳಿದ ಕನಿಷ್ಠ ಅಂಶಗಳು ಏಳು: ಸರಬರಾಜುದಾರ, ಘಟಕದ ಹೆಸರು, ಆವೃತ್ತಿ, ಇತರ ಗುರುತುಗಳು, ಅವಲಂಬನೆಯ ಸಂಬಂಧ, ಪಟ್ಟಿ ಬರೆದವರು, ಸಮಯ. ನಮ್ಮ ಸರ್ಟ್-ಇನ್ ಪಟ್ಟಿಯಲ್ಲಿ 21 ಅಂಶಗಳಿವೆ. ಪ್ಯಾಚ್ ಸ್ಥಿತಿ, ಬೆಂಬಲ ಮುಗಿಯುವ ದಿನಾಂಕ, ಘಟಕ ಎಷ್ಟು ನಿರ್ಣಾಯಕ ಎಂಬುದೆಲ್ಲ ಸೇರಿ. ಸರ್ಕಾರಿ ಖರೀದಿಯಾದರೆ 21ನ್ನೂ ಕೇಳಿ. ಸಣ್ಣ ವೆಂಡರ್ ಜೊತೆ ಮೊದಲ ಬಾರಿ ವ್ಯವಹರಿಸುವಾಗ ಏಳು ಅಂಶಗಳು ಖಚಿತವಾಗಿ ಬರಲಿ, ಮಿಕ್ಕವಕ್ಕೆ ಗಡುವು ಕೊಡಿ ಎಂಬುದು ನನ್ನ ಸಲಹೆ. ಇಪ್ಪತ್ತೊಂದನ್ನೂ ಒಮ್ಮೆಲೇ ಕೇಳಿದರೆ ಅರ್ಧ ಕಾಲಂಗಳಿಗೆ "ಅನ್ವಯಿಸುವುದಿಲ್ಲ" ಎಂದು ತುಂಬಿ ಕಳಿಸುತ್ತಾರೆ.

ಖರ್ಚು ನಿಂತಿರುವುದು ನೀವು ಯಾವಾಗ ಕೇಳುತ್ತೀರಿ ಎಂಬುದರ ಮೇಲೆ. ಟೆಂಡರ್‌ಗೆ ಮುಂಚೆ ಕೇಳಿದರೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಾಗದು, ಪಿಒ (ಖರೀದಿ ಆದೇಶ) ಹೋದ ಮೇಲೆ ಕೇಳಿದರೆ ಪ್ರತ್ಯೇಕ ಬಿಲ್ ಬರುತ್ತದೆ. ಕಡಿಮೆ ಬೆಲೆಯವರಿಗೇ ಗುತ್ತಿಗೆ ಕೊಡುವ ಎಲ್1 ಪದ್ಧತಿಯಲ್ಲಿ ಇದಕ್ಕೆ ಅಂಕ ಇಡಬೇಡಿ, ತಾಂತ್ರಿಕ ಅರ್ಹತೆಯೊಳಗೆ ಸೇರಿಸಿ. ಇಲ್ಲವಾದರೆ ಎಸ್‌ಬಾಮ್ ಕೊಡದವರೇ ಕಡಿಮೆ ಬೆಲೆಗೆ ಗೆಲ್ಲುತ್ತಾರೆ. "ಇದು ನಮ್ಮ ವ್ಯಾಪಾರದ ಗುಟ್ಟು" ಎಂದು ವೆಂಡರ್ ಹಿಂಜರಿದರೆ ಗೌಪ್ಯತಾ ಒಪ್ಪಂದ ಮಾಡಿಕೊಳ್ಳಿ. ಯುರೋಪಿನ ಮಾರುಕಟ್ಟೆಯಲ್ಲೂ ಇರುವ ಕಂಪನಿಯಾದರೆ, 2027ರ ಡಿಸೆಂಬರ್‌ಗೆಂದು ಅಲ್ಲಿ ಹೇಗೂ ಮಾಡಿಡುವ ಪಟ್ಟಿಯನ್ನೇ ಇಲ್ಲಿಗೂ ಕೊಡಿ ಎಂದು ಕೇಳಿ. ಆ ಕಾಯ್ದೆ ಗ್ರಾಹಕರಿಗೆ ಪಟ್ಟಿ ಕೊಡಲೇಬೇಕು ಎನ್ನುವುದಿಲ್ಲ, ಮೇಲಿನ ಪದರದ ಅವಲಂಬನೆಗಳನ್ನಷ್ಟೇ ಕಡ್ಡಾಯ ಮಾಡುತ್ತದೆ. ಹಾಗಾಗಿ ಅದನ್ನು ನೆಚ್ಚಿಕೊಂಡು ನಿಮ್ಮ ಷರತ್ತನ್ನು ಸಡಿಲ ಮಾಡಬೇಡಿ.

ಹಳೆಯ ಸಾಧನಗಳ ವಿಷಯದಲ್ಲಿ ಈ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಆ ಫರ್ಮ್‌ವೇರ್ ಬರೆದ ತಂಡವೇ ಈಗ ಇರುವುದಿಲ್ಲ.

ದಾರಿ ಎರಡು: ನಾವೇ ಬಿಚ್ಚಿ ನೋಡುವುದು

ವೆಂಡರ್ ಕೊಡದಿದ್ದರೆ ಫರ್ಮ್‌ವೇರ್ ಫೈಲನ್ನೋ ಸರ್ವರ್‌ನ ಡಿಸ್ಕನ್ನೋ ಸ್ಕ್ಯಾನ್ ಮಾಡಿ ಪಟ್ಟಿ ತೆಗೆಯಬಹುದು. ಸಿಫ್ಟ್, ಟ್ರಿವಿ, ಬಿನ್‌ವಾಕ್, ಎಂಬಾ ಇವೆಲ್ಲ ಮುಕ್ತ ತಂತ್ರಾಂಶಗಳು, ಲೈಸೆನ್ಸ್ ಖರ್ಚಿಲ್ಲ. ಇಂಟರ್‌ನೆಟ್ ಇಲ್ಲದ ಯಂತ್ರದಲ್ಲೂ ಪಟ್ಟಿ ತೆಗೆಯುವ ಕೆಲಸ ನಡೆಯುತ್ತದೆ, ನಮ್ಮ ಕ್ಷೇತ್ರಕ್ಕೆ ಇದು ದೊಡ್ಡ ಅನುಕೂಲ.

ಹೇಗಿರುತ್ತದೆ ಎಂದು ಒಂದು ಸಾಧನದ ಕತೆ ಹೇಳುತ್ತೇನೆ. ಒಂದು ಪ್ರೋಟೋಕಾಲ್ ಗೇಟ್‌ವೇ, ಅಂದರೆ ಒಂದು ಸಂವಹನ ಭಾಷೆಯಿಂದ ಇನ್ನೊಂದಕ್ಕೆ ಬದಲಾಯಿಸುವ ಪೆಟ್ಟಿಗೆ: ಕೆಳಗೆ ರಿಲೇಗಳಿಂದ ಐಇಸಿ 61850, ಮೇಲಕ್ಕೆ ಕಂಟ್ರೋಲ್ ರೂಮಿಗೆ ಐಇಸಿ 104. ಅದರ ಅಪ್‌ಡೇಟ್ ಫೈಲನ್ನು ಬಿನ್‌ವಾಕ್‌ಗೆ ಕೊಟ್ಟೆ. ಸ್ಕ್ವಾಶ್‌ಎಫ್‌ಎಸ್ ಕಡತ ವ್ಯವಸ್ಥೆ ಬಿಚ್ಚಿಕೊಂಡಿತು. ಒಳಗೆ ಲಿನಕ್ಸ್‌ನ ಮೂಲ ಆಜ್ಞೆಗಳ ಗಂಟಾದ ಬಿಜಿಬಾಕ್ಸ್, ವೆಬ್ ಪುಟಕ್ಕೊಂದು ಪುಟ್ಟ ಸರ್ವರ್, ಲಿಬ್ ಫೋಲ್ಡರಿನಲ್ಲಿ ಓಪನ್‌ಎಸ್‌ಎಸ್‌ಎಲ್. ಫೈಲಿನೊಳಗಿನ ಅಕ್ಷರಗಳನ್ನು ತೋರಿಸುವ ಸ್ಟ್ರಿಂಗ್ಸ್ ಆಜ್ಞೆ ಕೊಟ್ಟಾಗ ತೆರೆಯ ಮೇಲೆ ಬಂದ ಅದರ ಆವೃತ್ತಿ 1.0.1ಇ. 2014ರ ಏಪ್ರಿಲ್‌ನಲ್ಲಿ ಜಗತ್ತೇ ಗಾಬರಿಗೊಂಡ ಹಾರ್ಟ್‌ಬ್ಲೀಡ್ ದೋಷವಿರುವ ಆವೃತ್ತಿಗಳಲ್ಲಿ ಅದೂ ಒಂದು. ವರ್ಷಗಳ ನಂತರವೂ ಅದು ಒಂದು ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡುತ್ತ ಕೂತಿತ್ತು. ಒಂದೂವರೆ ಗಂಟೆಯಲ್ಲಿ ಇದಿಷ್ಟು ತಿಳಿದಾಗ ಕೈ ತಣ್ಣಗಾಯಿತು.

ಆದರೆ ಅದಾದ ಮೇಲೆ ಎರಡು ದಿನ ಹೋದದ್ದು ಆ ದೋಷ ನಿಜವಾಗಿ ಅಲ್ಲಿದೆಯೇ ಎಂದು ತಿಳಿಯುವುದಕ್ಕೆ. ಈ ದಾರಿಯ ದೊಡ್ಡ ತೊಡಕೇ ಇದು. ಎಷ್ಟೋ ಲಿನಕ್ಸ್ ವಿತರಕರು ಆವೃತ್ತಿ ಸಂಖ್ಯೆಯನ್ನು ಹಾಗೇ ಇಟ್ಟು ತಿದ್ದುಪಡಿಯನ್ನು ಮಾತ್ರ ಹಿಂದಕ್ಕೆ ತಂದು ಸೇರಿಸುತ್ತಾರೆ. ಸೆಂಟ್‌ಒಎಸ್ 7ರಲ್ಲಿ ಕೊನೆಯವರೆಗೂ ಓಪನ್‌ಎಸ್‌ಎಸ್‌ಎಲ್ 1.0.2ಕೆ ಎಂದೇ ಕಾಣುತ್ತಿತ್ತು, ಒಳಗೆ ಪ್ಯಾಚುಗಳು ಸೇರುತ್ತಲೇ ಇದ್ದವು. ಸ್ಕ್ಯಾನರ್ ಸಂಖ್ಯೆ ನೋಡಿ ಕೆಂಪು ದೀಪ ಹಚ್ಚುತ್ತದೆ. ತಯಾರಕರನ್ನು ಕೇಳದೆ ನಿಜ ತಿಳಿಯುವುದು ಕಷ್ಟ.

ಸಾಧನದ ಜಾತಿ ನೋಡಿ ಫಲ ಬದಲಾಗುತ್ತದೆ. ವಿಂಡೋಸ್ ಅಥವಾ ಲಿನಕ್ಸ್ ಸರ್ವರ್‌ನಲ್ಲಿ ಜಾವಾ, ಪೈಥಾನ್ ಪ್ಯಾಕೇಜುಗಳು ಚೆನ್ನಾಗಿ ಸಿಗುತ್ತವೆ, ಜಾರ್‌ನೊಳಗಿನ ಜಾರ್ ಕೂಡ. ಸಿ++ನಲ್ಲಿ ಬರೆದ ಡಿಎಲ್‌ಎಲ್‌ಗಳು ಅರೆಬರೆ. ಲಿನಕ್ಸ್ ಗೇಟ್‌ವೇ ಪರವಾಗಿಲ್ಲ. ಆರ್‌ಟಿಒಎಸ್ (ಸಣ್ಣ ಸಾಧನಗಳ ತತ್‌ಕ್ಷಣದ ಆಪರೇಟಿಂಗ್ ಸಿಸ್ಟಂ) ಮೇಲೆ ಎಲ್ಲವನ್ನೂ ಒಂದೇ ಮುದ್ದೆಯಾಗಿ ಕಟ್ಟಿದ ಪ್ರೊಟೆಕ್ಷನ್ ರಿಲೇ, ಅಥವಾ ಎನ್‌ಕ್ರಿಪ್ಟ್ ಮಾಡಿದ ಫರ್ಮ್‌ವೇರ್ ಆದರೆ ಮನೆಯಲ್ಲಿ ಮಾಡುವ ಪ್ರಯತ್ನದಿಂದ ಬಹಳ ಸಿಗುವುದಿಲ್ಲ. ಅದರ ಮೇಲೆ ವಾರಗಟ್ಟಲೆ ಕೂರಬೇಡಿ.

ಎರಡು ಎಚ್ಚರಿಕೆ. ಓಡುತ್ತಿರುವ ರಿಲೇ ಅಥವಾ ಆರ್‌ಟಿಯು ಮೇಲೆ ನೆಟ್‌ವರ್ಕ್ ಸ್ಕ್ಯಾನರ್ ಬಿಡಬೇಡಿ, ಅನಿರೀಕ್ಷಿತ ಪ್ಯಾಕೆಟ್ ಬಂದರೆ ಹಳೆಯ ಸಾಧನ ಸ್ತಬ್ಧವಾಗಬಹುದು. ಕೆಲಸವೆಲ್ಲ ಫೈಲಿನ ಮೇಲೆ, ಬೆಂಚಿನ ಮೇಲೆ ನಡೆಯಲಿ. ಹಾಗೆಯೇ ಲೈಸೆನ್ಸ್ ಕರಾರಿನಲ್ಲಿ ಫರ್ಮ್‌ವೇರ್ ಬಿಚ್ಚುವುದಕ್ಕೆ ನಿಷೇಧವಿದೆಯೇ ಎಂದು ಕಾನೂನು ವಿಭಾಗಕ್ಕೆ ಮೊದಲೇ ತೋರಿಸಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ದಾರಿ ಮೂರು: ಹೊರಗಿನವರಿಂದ ಮಾಡಿಸುವುದು

ಬೈನರಿ ವಿಶ್ಲೇಷಣೆಯನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಗಳಿವೆ. ಅವರ ಉಪಕರಣಗಳು ಮುಕ್ತ ತಂತ್ರಾಂಶಗಳಿಗಿಂತ ಆಳಕ್ಕೆ ಹೋಗುತ್ತವೆ, ಆರ್‌ಟಿಒಎಸ್ ಮುದ್ದೆಯೊಳಗಿನ ಟಿಸಿಪಿ/ಐಪಿ ಸ್ಟ್ಯಾಕನ್ನು ಅದರ ಕೋಡಿನ ಚಹರೆಯಿಂದಲೇ ಗುರುತಿಸುತ್ತವೆ. ದುಬಾರಿ ನಿಜ. ಆದರೆ ದರ ಸಾಮಾನ್ಯವಾಗಿ ಫರ್ಮ್‌ವೇರ್ ಲೆಕ್ಕದಲ್ಲಿರುತ್ತದೆ, ಸಾಧನಗಳ ಲೆಕ್ಕದಲ್ಲಲ್ಲ. ಇದನ್ನು ಮರೆತು ಹಲವರು ಮೊದಲೇ ಕೈಬಿಡುತ್ತಾರೆ. ಐನೂರು ಸಾಧನಗಳಿದ್ದರೂ ಮಾದರಿ ಮೂರು, ಫರ್ಮ್‌ವೇರ್ ಆವೃತ್ತಿ ಐದು ಎಂದಾದರೆ ಮಾಡಿಸಬೇಕಾದದ್ದು ಐದೇ ವಿಶ್ಲೇಷಣೆ.

ತಾಜಾತನದಲ್ಲಿ ಇದು ಸೋಲುತ್ತದೆ. ನಮ್ಮ ಕ್ಷೇತ್ರದವರಿಗೆ ಟೈಪ್ ಟೆಸ್ಟ್ ಸರ್ಟಿಫಿಕೇಟ್ ಮೇಲೆ ನಂಬಿಕೆ ಜಾಸ್ತಿ, ಬೆಂಗಳೂರಿನ ಸಿಪಿಆರ್‌ಐ (ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ) ವರದಿ ಇದ್ದರೆ ಟ್ರಾನ್ಸ್‌ಫಾರ್ಮರ್ ಬಗ್ಗೆ ನಿಶ್ಚಿಂತೆ. ಟ್ರಾನ್ಸ್‌ಫಾರ್ಮರ್‌ನ ವಿನ್ಯಾಸ ವರ್ಷಾನುಗಟ್ಟಲೆ ಹಾಗೇ ಇರುತ್ತದೆ, ಫರ್ಮ್‌ವೇರ್ ವರ್ಷಕ್ಕೆರಡು ಬಾರಿ ಬದಲಾಗುತ್ತದೆ. ಕಳೆದ ವರ್ಷದ ವಿಶ್ಲೇಷಣಾ ವರದಿ ಇವತ್ತಿನ ಸಾಧನದ ಬಗ್ಗೆ ಏನೂ ಹೇಳದೇ ಇರಬಹುದು. ವಿದ್ಯುತ್ ಸಚಿವಾಲಯದ 2020ರ ಜುಲೈ 2ರ ಆದೇಶದಂತೆ ಆಮದು ಉಪಕರಣಗಳಿಗೆ ಮಾಲ್‌ವೇರ್ ಪರೀಕ್ಷೆ ಆಗಬೇಕು. ಆ ಪರೀಕ್ಷೆಯ ವರದಿ ಇದೆ ಎಂದು ಎಸ್‌ಬಾಮ್ ಬೇಡ ಎನ್ನಬೇಡಿ, ಎರಡೂ ಹುಡುಕುವುದು ಬೇರೆ ಬೇರೆ ವಿಷಯಗಳನ್ನು.

ಹಳೆಯದಾದರೂ ತೆಗೆಯಲಾಗದ, ವೆಂಡರ್ ಕೈಬಿಟ್ಟ, ಹೊರಗಿನ ನೆಟ್‌ವರ್ಕ್ ಮುಟ್ಟುವ ಸಾಧನಗಳಿಗೆ ಮಾತ್ರ ಈ ಖರ್ಚು ಮಾಡಿ.

ದಾರಿ ನಾಲ್ಕು: ಕಟ್ಟುವಾಗಲೇ ತೆಗೆದಿಡುವುದು

ಇದು ತಯಾರಕರ ದಾರಿ. ತಮ್ಮದೇ ಕೋಡ್ ಬರೆಸುವ ಡಿಸ್ಕಾಂಗಳಿಗೂ (ವಿದ್ಯುತ್ ಸರಬರಾಜು ಕಂಪನಿಗಳು) ಅನ್ವಯಿಸುತ್ತದೆ. ಸಾಧನಕ್ಕೆ ಬೇಕಾದ ಲಿನಕ್ಸ್ ಕಟ್ಟುವ ಯೋಕ್ಟೊ ಬಳಸುವವರಿಗೆ ಎಸ್‌ಪಿಡಿಎಕ್ಸ್ ಫೈಲ್ ಹುಟ್ಟಿಸುವ ಸೌಲಭ್ಯ ಅದರೊಳಗೇ ಇದೆ. ಜೆಫರ್ ಎಂಬ ಆರ್‌ಟಿಒಎಸ್‌ನಲ್ಲಿ ವೆಸ್ಟ್ ಎಸ್‌ಪಿಡಿಎಕ್ಸ್ ಎಂಬ ಆಜ್ಞೆಯಿದೆ. ಬಿಲ್ಡ್ ಓಡಿದಾಗಲೆಲ್ಲ ಪಟ್ಟಿ ತಾನಾಗಿ ಬರುವುದರಿಂದ ತಾಜಾತನದ ಚಿಂತೆಯಿಲ್ಲ, ಆಳವೂ ಪೂರ್ತಿ.

ಉಪಕರಣದ ಕಣ್ಣು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಯಾರೋ ಎಂದೋ ನಕಲು ಮಾಡಿ ಹಾಕಿದ ಕೋಡು. ಪೀಣ್ಯದ ಆ ಘಟಕದಲ್ಲಿ ಕೂತು ನೋಡಿದಾಗ "ಕಾಮನ್" ಎಂಬ ಫೋಲ್ಡರಿನಲ್ಲಿ ಎಂಬೆಡ್ ಟಿಎಲ್‌ಎಸ್ ಎಂಬ ಗೂಢಲಿಪಿ ಲೈಬ್ರರಿಯ ನಲವತ್ತು ಚಿಲ್ಲರೆ ಫೈಲುಗಳು ಸಿಕ್ಕವು, ಕೆಲಸ ಬಿಟ್ಟು ಹೋದ ಎಂಜಿನಿಯರ್ ಚಿಪ್ ಕಂಪನಿಯ ಮಾದರಿ ಕೋಡಿನಿಂದ ತೆಗೆದು ಹಾಕಿದ್ದು. ಯಾವ ಆವೃತ್ತಿ ಎಂದು ಹೆಡರ್ ಫೈಲ್ ತೆರೆದು ಕೈಯಲ್ಲೇ ಬರೆದುಕೊಳ್ಳಬೇಕಾಯಿತು. ಇಂಥವನ್ನು ಹುಡುಕಿ ಮುಗಿಸಲು ಮೊದಲ ಬಾರಿ ಎರಡು ಮೂರು ವಾರ ಇಟ್ಟುಕೊಳ್ಳಿ. ಆಮೇಲೆ ಪ್ರತಿ ಬಿಡುಗಡೆಗೆ ಅರ್ಧ ದಿನ ಸಾಕು.

ಮಾದರಿ, ಇಡುವ ಜಾಗ, ಮಿತಿ

ಸೈಕ್ಲೋನ್‌ಡಿಎಕ್ಸ್ ಒವಾಸ್ಪ್ ಸಂಸ್ಥೆಯದು, 2024ರಲ್ಲಿ ಎಕ್ಮಾ-424 ಮಾನದಂಡವಾಯಿತು. ಎಸ್‌ಪಿಡಿಎಕ್ಸ್ ಲಿನಕ್ಸ್ ಫೌಂಡೇಶನ್ನಿನದು, ಐಎಸ್‌ಒ 5962:2021. ಯಾವುದು ಮೇಲು ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಡಿ, ಎರಡನ್ನೂ ಸ್ವೀಕರಿಸಿ. ಪಟ್ಟಿಗಳನ್ನು ಒಟ್ಟುಗೂಡಿಸಲು ಉಚಿತವಾಗಿ ಸಿಗುವ ಡಿಪೆಂಡೆನ್ಸಿ-ಟ್ರ್ಯಾಕ್ ಬಳಸುವುದಾದರೆ ಅದು ನೆಚ್ಚಿಕೊಂಡಿರುವುದು ಸೈಕ್ಲೋನ್‌ಡಿಎಕ್ಸ್ ಅನ್ನು. ಆಗ ಟೆಂಡರಿನಲ್ಲಿ ಅದನ್ನೇ ಕೇಳಿ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ವಿವರಗಳು ಉದುರುತ್ತವೆ. ದೋಷಗಳ ಮಾಹಿತಿಗೆ ಅಮೆರಿಕದ ರಾಷ್ಟ್ರೀಯ ದೋಷಕೋಶ ಎನ್‌ವಿಡಿ ಒಂದನ್ನೇ ನಂಬಬೇಡಿ. 2024ರ ಫೆಬ್ರವರಿಯಿಂದ ಅಲ್ಲಿ ವಿಶ್ಲೇಷಣೆ ನಿಧಾನವಾಗಿ ಕೆಲಸ ರಾಶಿ ಬಿದ್ದಿದೆ, ವೆಂಡರ್‌ಗಳ ಸ್ವಂತ ಪ್ರಕಟಣೆಗಳನ್ನೂ ಜೋಡಿಸಿಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಎಸ್‌ಬಾಮ್ ಹೇಳುವುದು ಉತ್ಪನ್ನದ ಒಂದು ಆವೃತ್ತಿಯ ಬಗ್ಗೆ. ಆ ಆವೃತ್ತಿ ನಿಮ್ಮ ಯಾವ ಸಬ್‌ಸ್ಟೇಷನ್ನಿನ ಯಾವ ಪ್ಯಾನೆಲ್‌ನಲ್ಲಿದೆ ಎಂದು ಹೇಳಬೇಕಾದದ್ದು ನಿಮ್ಮ ಆಸ್ತಿ ರಿಜಿಸ್ಟರ್. ನಾನು ನೋಡಿದ ಹೆಚ್ಚಿನ ರಿಜಿಸ್ಟರ್‌ಗಳಲ್ಲಿ "ಆರ್‌ಟಿಯು, 1 ನಂ." ಎಂದಷ್ಟೇ ಇರುತ್ತದೆ. ಫರ್ಮ್‌ವೇರ್ ಆವೃತ್ತಿಯ ಕಾಲಂ ಇಲ್ಲದೆ ಜಗತ್ತಿನ ಅತ್ಯುತ್ತಮ ಎಸ್‌ಬಾಮ್ ಸಿಕ್ಕರೂ ಶನಿವಾರ ಬೆಳಿಗ್ಗೆ ಉತ್ತರ ಕೊಡಲಾಗದು. ನಾಲ್ಕರಲ್ಲಿ ಯಾವ ದಾರಿ ಹಿಡಿದರೂ ಈ ಕಾಲಂ ಮೊದಲು ತುಂಬಿಸಿ. ಮುಂದಿನ ತಪಾಸಣೆಗೆ ಹೋದಾಗ ಡಿಸ್ಪ್ಲೇ ನೋಡಿ ಬರೆದುಕೊಂಡರೆ ಆಯಿತು.

ಪಟ್ಟಿಯಿಂದ ಆಗದ ಕೆಲಸವೂ ಇದೆ. 2020ರ ಡಿಸೆಂಬರ್‌ನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ಒರಾಯನ್ ತಂತ್ರಾಂಶದ ಬಿಲ್ಡ್ ವ್ಯವಸ್ಥೆಯೊಳಗೇ ನುಗ್ಗಿ ಕೇಡಿನ ಕೋಡ್ ಸೇರಿಸಿದ್ದರು, ಸುಮಾರು 18,000 ಗ್ರಾಹಕರಿಗೆ ಅದು ಅಧಿಕೃತ ಅಪ್‌ಡೇಟ್ ಆಗಿಯೇ ತಲುಪಿತು. 2014ರ ಹ್ಯಾವೆಕ್ಸ್ ಪ್ರಕರಣದಲ್ಲಿ ಕೈಗಾರಿಕಾ ತಂತ್ರಾಂಶ ಮಾರುವವರ ಜಾಲತಾಣಗಳಲ್ಲಿದ್ದ ಇನ್‌ಸ್ಟಾಲರ್‌ಗಳಿಗೇ ಮಾಲ್‌ವೇರ್ ಸೇರಿಸಿಟ್ಟಿದ್ದರು. ಇನ್‌ಸ್ಟಾಲರ್ ಬದಲಾಗಿದೆಯೇ ಎಂದು ತಿಳಿಯಲು ಡಿಜಿಟಲ್ ಸಹಿ ಮತ್ತು ಹ್ಯಾಶ್ ತಾಳೆ ನೋಡುವ ಅಭ್ಯಾಸ ಬೇಕು. ಸೋಲಾರ್‌ವಿಂಡ್ಸ್‌ನಂಥದ್ದಕ್ಕೆ ಸಹಿಯೂ ಸಾಲದು, ಬಿಲ್ಡ್ ವ್ಯವಸ್ಥೆಯನ್ನು ಹೇಗೆ ಕಾಯುತ್ತೀರಿ ಎಂದು ವೆಂಡರ್‌ನನ್ನೇ ಕೇಳಬೇಕು. ಆದರೂ 2024ರ ಮಾರ್ಚ್ ಕೊನೆಯಲ್ಲಿ ಎಕ್ಸ್‌ಜಡ್ ಲೈಬ್ರರಿಯಲ್ಲಿ ಹಿಂಬಾಗಿಲು ಪತ್ತೆಯಾದಾಗ, ಪಟ್ಟಿ ಇದ್ದವರು 5.6.0 ಮತ್ತು 5.6.1 ತಮ್ಮಲ್ಲಿದೆಯೇ ಎಂದು ನಿಮಿಷಗಳಲ್ಲಿ ನೋಡಿಕೊಂಡರು.

ಹಾಗಾದರೆ ಯಾರಿಗೆ ಯಾವುದು

ಎಇಇ ಅವರಿಗೆ: ಹೊಸ ಖರೀದಿಗೆಲ್ಲ ಮೊದಲ ದಾರಿ, ಷರತ್ತು ಬಿಡಿಸಿ ಬರೆದು. ಈಗಿರುವ ಸರ್ವರ್‌ಗಳಿಗೆ ಎರಡನೆಯದು. ಒಬ್ಬ ಎಇಗೆ (ಸಹಾಯಕ ಎಂಜಿನಿಯರ್) ವಾರಕ್ಕೆ ಒಂದು ದಿನ ಬಿಟ್ಟುಕೊಟ್ಟರೆ ಮೂರು ತಿಂಗಳಲ್ಲಿ ಮುಗಿಯುವ ಕೆಲಸ. ಹಳೆಯ ರಿಲೇಗಳನ್ನು ಸದ್ಯಕ್ಕೆ ಬಿಡಿ, ಅವುಗಳ ನೆಟ್‌ವರ್ಕ್ ಪ್ರತ್ಯೇಕವಾಗಿದೆಯೇ ಎಂದು ನೋಡಿಕೊಳ್ಳಿ. ಸ್ಮಾರ್ಟ್ ಮೀಟರ್‌ನಂತೆ ಗುತ್ತಿಗೆದಾರರೇ ವ್ಯವಸ್ಥೆ ನಡೆಸುವ ಯೋಜನೆಯಾದರೆ ಮೀಟರ್‌ಗಳ ಮಾಹಿತಿ ಬಂದು ಸೇರುವ ಹೆಡ್ ಎಂಡ್ ಸಿಸ್ಟಂನ ಎಸ್‌ಬಾಮ್ ಗುತ್ತಿಗೆದಾರರ ಬಳಿ ಮಾತ್ರ ಉಳಿಯದಂತೆ, ನಿಮಗೂ ಬರುವಂತೆ ಒಪ್ಪಂದದಲ್ಲಿ ಬರೆಸಿ.

ಸೌರ ಸ್ಥಾವರದ ಮ್ಯಾನೇಜರ್‌ಗೆ: ನಿಮ್ಮಲ್ಲಿ ಸಾಧನ ನೂರಾರಿದ್ದರೂ ಮಾದರಿ ಕೆಲವೇ. ಇನ್ವರ್ಟರ್‌ಗಿಂತ ಮೊದಲು ಡೇಟಾ ಲಾಗರ್ ಮತ್ತು ಎಸ್‌ಸಿಬಿ (ಫಲಕಗಳ ಸಾಲುಗಳ ತಂತಿಗಳನ್ನು ಕೂಡಿಸುವ ಪೆಟ್ಟಿಗೆ) ಮಾನಿಟರಿಂಗ್ ಗೇಟ್‌ವೇ ನೋಡಿ, ಸಿಮ್ ಹಾಕಿಕೊಂಡು ಇಂಟರ್‌ನೆಟ್ಟಿಗೆ ಮುಖ ಮಾಡಿ ಕೂತಿರುವುದು ಅವು. ಮೊದಲು ಸ್ವತಃ ಬಿಚ್ಚಿ ನೋಡಿ, ಫರ್ಮ್‌ವೇರ್ ತೆರೆಯದಿದ್ದರೆ ಆ ಒಂದು ಮಾದರಿಗೆ ಮಾತ್ರ ಮೂರನೆಯ ದಾರಿಗೆ ದುಡ್ಡು ಹಾಕಿ. ಸ್ಥಾವರದ ಮಾಲೀಕರಿಗೆ ಬಿಲ್ ಕಳಿಸುವ ಮುಂಚೆ ವರದಿಯ ಪ್ರತಿ ಯಾರ ಬಳಿ ಇರಬೇಕೆಂದು ಮಾತಾಡಿಕೊಳ್ಳಿ. ಆ ಪಟ್ಟಿ ಬೇಡದವರ ಕೈಗೆ ಸಿಕ್ಕರೆ ಅವರ ಕೆಲಸವೂ ಸುಲಭವಾಗುತ್ತದೆ.

ಪೀಣ್ಯದ ಮಾಲೀಕರಿಗೆ ನಾಲ್ಕನೆಯದು ಬಿಟ್ಟು ಬೇರೆ ಇಲ್ಲ. ವೆಕ್ಸ್ ಬರೆಯಲು ಒಬ್ಬರ ಹೆಸರು ಗೊತ್ತುಮಾಡಿ, ದೋಷದ ಸುದ್ದಿ ಬಂದ ದಿನ ಅವರು ರಜೆಯಲ್ಲಿದ್ದರೆ ಯಾರು ಎಂಬುದನ್ನೂ.

ಕೊಳ್ಳುವವರು ಸಹಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಬಿಡ್ಡರ್ ತಂದಿಟ್ಟ ಮಾದರಿ ಸಾಧನದ ಫರ್ಮ್‌ವೇರ್ ಫೈಲನ್ನೂ ಅದಕ್ಕೇ ಸೇರಿದ ಎಸ್‌ಬಾಮನ್ನೂ ಒಟ್ಟಿಗೆ ಕೇಳಿ, ಲಿಖಿತ ಒಪ್ಪಿಗೆ ಪಡೆದು ಫರ್ಮ್‌ವೇರನ್ನು ಬಿಚ್ಚಿ ಸಿಫ್ಟ್‌ಗೆ ಕೊಟ್ಟು ಬಂದ ಪಟ್ಟಿಯನ್ನು ಅವರ ಪಟ್ಟಿಯ ಪಕ್ಕದಲ್ಲಿಡಿ. ಸ್ಕ್ಯಾನರ್ ಕಂಡದ್ದು ಅವರ ಪಟ್ಟಿಯಲ್ಲಿ ಇಲ್ಲದಿದ್ದರೆ, ಆ ಒಂದೊಂದು ಹೆಸರಿಗೂ ಸಹಿಗೆ ಮುಂಚೆಯೇ ವಿವರಣೆ ಕೇಳಿ.